ಗೋದಲಿಯ ಕಪ್ಪು ರಾಯ



ಕ್ರಿಸ್ತ ಜಯಂತಿಗೆ ಕಟ್ಟಿದ ಗೋದಲಿಯನ್ನು ನಾವು ಮೂರು ರಾಯರ ಹಬ್ಬ ಮುಗಿಯುವವರೆಗೆ ಬಿಚ್ಚುವುದಿಲ್ಲ. ಕುರುಬರು, ಕುರಿಗಳು, ಎತ್ತು, ಕತ್ತೆ ಇವೆಲ್ಲ ಡಿಸೆಂಬರ್ 24ರ ರಾತ್ರಿಯೇ ತಮ್ಮ ತಮ್ಮ ಜಾಗದಲ್ಲಿರುತ್ತವೆ. ರಾಯರು ಮಾತ್ರ ದೂರದಿಂದ ಬರಬೇಕಾದವರು. ಕೆಲವು ಮನೆಗಳಲ್ಲಿ ಅವರನ್ನು ದಿನಕ್ಕೆ ಒಂದು ಗೇಣಿನಂತೆ ಹುಲ್ಲಿನ ಮೇಲೆ ಮುಂದಕ್ಕೆ ಸರಿಸಿ, ಹಬ್ಬದ ದಿನ ಬಾಲಯೇಸುವಿನ ಮುಂದೆ ನಿಲ್ಲಿಸುವುದುಂಟು. ಮೂವರಲ್ಲಿ ಒಬ್ಬ ಬಿಳಿ ಗಡ್ಡದ ಮುದುಕ, ಮಂಡಿಯೂರಿದವನು. ಇನ್ನೊಬ್ಬ ನಡುವಯಸ್ಸಿನವನು. ಮೂರನೆಯವನು ಹರೆಯದವನು, ಕಪ್ಪು ಮೈಬಣ್ಣದವನು. ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳು ವರ್ಷ ವರ್ಷವೂ ಕೇಳುತ್ತಾರೆ: "ಫಾದರ್, ಒಬ್ಬ ರಾಯ ಮಾತ್ರ ಯಾಕೆ ಕಪ್ಪಗಿದ್ದಾನೆ?"

"ಅವನು ಆಫ್ರಿಕ ದೇಶದವನು" ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುವುದು ಸುಲಭ. ಆದರೆ ಈ ರಾಯ ಗೋದಲಿಯ ತನಕ ಬಂದು ಸೇರಲು ಸುಮಾರು ಸಾವಿರದ ನಾನೂರು ವರ್ಷ ಹಿಡಿಯಿತು. ಕಡೆಗೂ ಬಂದು ಸೇರಿದ್ದು ಎಂತಹ ಹೊತ್ತಿನಲ್ಲಿ ಎಂಬುದನ್ನು ತಿಳಿದರೆ ನಮ್ಮ ಮನಸ್ಸು ಕಲಕುತ್ತದೆ. ಹಬ್ಬದ ಈ ದಿನಗಳಲ್ಲಿ ಅವನು ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಸಂತ ಮತ್ತಾಯನು ತನ್ನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಹೇಳುವುದು ಬಹಳ ಕಡಿಮೆ. ಪೂರ್ವ ದಿಕ್ಕಿನಿಂದ ಜ್ಞಾನಿಗಳು ಬಂದರು, ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದರು, ಬೇರೆ ದಾರಿ ಹಿಡಿದು ಊರಿಗೆ ಮರಳಿದರು. ಅವರು ಎಷ್ಟು ಮಂದಿ, ಹೆಸರೇನು, ಅರಸರೋ ಅಲ್ಲವೋ, ಬಣ್ಣ ಯಾವುದು ಎಂಬ ಒಂದು ಸುಳಿವನ್ನೂ ಅವನು ಕೊಡುವುದಿಲ್ಲ. ಕಾಣಿಕೆ ಮೂರು ಎಂದ ಮೇಲೆ ತಂದವರೂ ಮೂವರೇ ಇರಬೇಕೆಂದು ಪಶ್ಚಿಮದ ಧರ್ಮಸಭೆ ಎಣಿಸಿತು. ಸಿರಿಯ ದೇಶದ ಸಂಪ್ರದಾಯದಲ್ಲಿ ಅವರು ಹನ್ನೆರಡು ಮಂದಿ! 72ನೆಯ ಕೀರ್ತನೆಯಲ್ಲಿ ದೂರ ದೇಶದ ಅರಸರು ಕಾಣಿಕೆ ತರುವ ಮಾತಿದೆ. ಪ್ರವಾದಿ ಯೆಶಾಯನ 60ನೆಯ ಅಧ್ಯಾಯದಲ್ಲಿ ಚಿನ್ನ, ಧೂಪ ಹೊತ್ತ ಒಂಟೆಗಳ ಮಾತಿದೆ. ಈ ವಾಚನಗಳನ್ನು ಹಬ್ಬದ ಬಲಿಪೂಜೆಯಲ್ಲಿ ಒಟ್ಟೊಟ್ಟಿಗೆ ಕೇಳುತ್ತಾ ಕೇಳುತ್ತಾ ಜ್ಞಾನಿಗಳು ರಾಯರಾದರು.

ಆದಿ ಕ್ರೈಸ್ತರು ಬಿಡಿಸಿದ ಚಿತ್ರಗಳಲ್ಲಿ ಕಪ್ಪು ರಾಯ ಕಾಣಸಿಗುವುದಿಲ್ಲ. ರೋಮ್ ನಗರದಲ್ಲಿ ಪ್ರಿಸಿಲ್ಲಳ ಹೆಸರಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಮೂರನೆಯ ಶತಮಾನದ ಒಂದು ಗೋಡೆಚಿತ್ರವಿದೆ. ಅಲ್ಲಿ ಮೂವರು ಮರಿಯಮ್ಮನವರ ಕಡೆಗೆ ಸಾಲಾಗಿ ನಡೆದು ಬರುತ್ತಾರೆ. ಇಟಲಿಯ ರವೆನ್ನಾ ಊರಿನ ಸಂತ ಅಪೊಲಿನಾರಿಸರ ದೇವಾಲಯದಲ್ಲಿ ಬಣ್ಣದ ಹರಳುಗಳನ್ನು ಜೋಡಿಸಿ ಮಾಡಿದ ಆರನೆಯ ಶತಮಾನದ ಚಿತ್ರದಲ್ಲಿ ಅವರು ಪರ್ಷಿಯದ ಟೋಪಿ, ಬಿಗಿ ಷರಾಯಿ ತೊಟ್ಟಿದ್ದಾರೆ. ತಲೆಯ ಮೇಲೆ ಗಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳೂ ಇವೆ. ವಯಸ್ಸು ಬೇರೆ ಬೇರೆ, ಬಣ್ಣ ಮಾತ್ರ ಒಂದೇ. ರೋಮಿನ ಮಹಾ ಮರಿಯಮ್ಮನವರ ಬಸಿಲಿಕಕ್ಕೆ ಆರ್ನೋಲ್ಫೊ ದಿ ಕಾಂಬಿಯೊ ಎಂಬ ಶಿಲ್ಪಿ 1291ರ ಸುಮಾರಿಗೆ ಕೆತ್ತಿಕೊಟ್ಟ ಕಲ್ಲಿನ ಗೋದಲಿಯಲ್ಲೂ ಹಾಗೆಯೇ. ಈ ಬಸಿಲಿಕದ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಕೊನೆಯಲ್ಲಿ ಮತ್ತೆ ಅಲ್ಲಿಗೇ ಬರುತ್ತೇವೆ.

ಪುಸ್ತಕಗಳಲ್ಲಿ ಸುಳಿವು ಸ್ವಲ್ಪ ಮೊದಲೇ ಇತ್ತು. ಸಂತ ಬೀಡರದು ಎಂದು ಬಹಳ ಕಾಲ ನಂಬಲಾಗಿದ್ದ ಒಂದು ಹಳೆಯ ಲತೀನ್ ಬರಹ ಬಲ್ತಜಾರನನ್ನು ಕಂದುಗಪ್ಪು ಎಂದು ಬಣ್ಣಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಕಾರ್ಮೆಲ್ ಸಭೆಯ ಗುರು ಹಿಲ್ಡೆಸ್‌ಹೈಮಿನ ಜಾನ್ ಎಂಬುವರು ಮೂರು ರಾಯರ ಚರಿತ್ರೆಯನ್ನೇ ಬರೆದರು. ಅದರಲ್ಲಿ ಕಪ್ಪು ಇಥಿಯೋಪ್ಯದವನು ಗಾಸ್ಪರ್. ಕಪ್ಪು ರಾಯ ಗಾಸ್ಪರನೋ ಬಲ್ತಜಾರನೋ ಎಂಬ ವಾದ ಅಂದಿನಿಂದ ಇಂದಿನವರೆಗೆ ತೀರಿಲ್ಲ. ಅದು ತೀರಲೇಬೇಕಾದ ವಾದ ಎಂದೂ ನಮಗೆ ಅನ್ನಿಸುವುದಿಲ್ಲ.

ರಾಯರ ಪವಿತ್ರ ಅವಶೇಷಗಳು ಎಂದು ಗೌರವಿಸಲ್ಪಡುವುವನ್ನು 1164ರಲ್ಲಿ ಮಿಲಾನಿನಿಂದ ಜರ್ಮನಿಯ ಕೊಲೋನ್ ನಗರಕ್ಕೆ ಒಯ್ಯಲಾಯಿತು. ಅವುಗಳಿಗಾಗಿ ಚಿನ್ನದ ಪೆಟ್ಟಿಗೆಯ ಕೆಲಸ ಹಿಡಿದವರಲ್ಲಿ ಪ್ರಮುಖನಾದ ವೆರ್ಡನ್ನಿನ ನಿಕೋಲಾಸ್ ಎಂಬ ಅಕ್ಕಸಾಲಿಗ ಆಸ್ಟ್ರಿಯದ ಕ್ಲೋಸ್ಟರ್‌ನಾಯ್‌ಬುರ್ಗ್ ಮಠಕ್ಕೂ 1181ರಲ್ಲಿ ಎನಾಮಲ್ ಹಲಗೆಗಳನ್ನು ಮಾಡಿಕೊಟ್ಟ. ಅಲ್ಲಿ ರಾಯರ ಚಿತ್ರಕ್ಕೆ ಜೋಡಿಯಾಗಿ ಸೊಲೊಮೋನನನ್ನು ಕಾಣಲು ಬಂದ ಶೆಬದ ರಾಣಿ ಇದ್ದಾಳೆ. ಆಕೆಯ ಮುಖ ಕಪ್ಪು. ಇಟಲಿಯ ಸಿಯೆನಾ ಪ್ರಧಾನಾಲಯದಲ್ಲಿ ನಿಕೋಲಾ ಪಿಸಾನೊ 1268ರ ವೇಳೆಗೆ ಕೆತ್ತಿ ಮುಗಿಸಿದ ಪ್ರಸಂಗ ಪೀಠದಲ್ಲಿ ರಾಯರ ಹಿಂದೆ ಒಂಟೆಯ ಮೇಲೆ ಬರುವ ಆಫ್ರಿಕದ ಸೇವಕರಿದ್ದಾರೆ. ಹೀಗೆ ಕಪ್ಪು ಮುಖ ಮೊದಲು ಬಂದದ್ದು ಪಕ್ಕದ ಚಿತ್ರದಲ್ಲಿ, ಆಮೇಲೆ ಮೆರವಣಿಗೆಯ ಹಿಂದಿನ ಸಾಲಿನಲ್ಲಿ. ಬಾಲಯೇಸುವಿನ ಹತ್ತಿರಕ್ಕೆ ಇನ್ನೂ ಬಂದಿರಲಿಲ್ಲ.

ಆ ಕಾಲದ ಕಲೆಯಲ್ಲಿ ಕಪ್ಪು ಬಣ್ಣಕ್ಕೆ ಇದ್ದ ಇನ್ನೊಂದು ಅರ್ಥವನ್ನೂ ಮರೆಮಾಚಬಾರದು. ಪಿಶಾಚಿಯನ್ನು ಬಿಡಿಸಲು ಕಪ್ಪು. ಕ್ರಿಸ್ತರನ್ನು ಕೊರಡೆಯಿಂದ ಹೊಡೆಯುವವರಲ್ಲಿ ಒಬ್ಬಿಬ್ಬರಿಗೂ ಎಷ್ಟೋ ಚಿತ್ರಗಳಲ್ಲಿ ಕಪ್ಪು ಮುಖ. ಪಾಪವು ಕತ್ತಲೆ ಎಂಬ ಉಪಮೆಯನ್ನು ಮನುಷ್ಯನ ಚರ್ಮಕ್ಕೆ ಅಂಟಿಸಿದ ತಪ್ಪು ಅದು. ಅಂತಹ ಕಾಲದಲ್ಲಿಯೇ ಜರ್ಮನಿಯ ಮಾಗ್ಡೆಬುರ್ಗ್ ಪ್ರಧಾನಾಲಯದಲ್ಲಿ ಸುಮಾರು 1240ರಿಂದ 1250ರ ನಡುವೆ ಸಂತ ಮೌರಿಸರ ಒಂದು ಸ್ವರೂಪವನ್ನು ನಿಲ್ಲಿಸಿದರು. ಈ ಮೌರಿಸರು ರೋಮನ್ ಸೈನ್ಯದಲ್ಲಿ ಈಜಿಪ್ಟಿನ ಥೀಬ್ಸ್ ಕಡೆಯಿಂದ ಬಂದ ಪಡೆಯ ನಾಯಕರು. ಕ್ರೈಸ್ತರನ್ನು ಹಿಂಸಿಸಲು ಒಪ್ಪದೆ ಇಂದಿನ ಸ್ವಿಟ್ಜರ್ಲೆಂಡಿನ ನೆಲದಲ್ಲಿ ಪಡೆಯೊಂದಿಗೆ ಪ್ರಾಣಕೊಟ್ಟರು ಎಂದು ಐದನೆಯ ಶತಮಾನದ ಧರ್ಮಾಧ್ಯಕ್ಷ ಲಿಯೋನಿನ ಯೂಕೇರಿಯಸರು ಬರೆದಿದ್ದಾರೆ. ಅವರ ಬಣ್ಣದ ಮಾತು ಅಲ್ಲಿ ಇಲ್ಲ. ಅಲ್ಲಿಯವರೆಗೆ ಕಲಾವಿದರು ಅವರನ್ನು ಬೇರೆ ಸೈನಿಕ ಸಂತರ ಹಾಗೆಯೇ ಬಿಳಿಯರಾಗಿ ಬಿಡಿಸುತ್ತಿದ್ದರು. ಮಾಗ್ಡೆಬುರ್ಗಿನ ಶಿಲ್ಪಿ ಮಾತ್ರ ಉಕ್ಕಿನ ಬಳೆಗಳ ಕವಚ ತೊಟ್ಟ ಒಬ್ಬ ನಿಜವಾದ ಆಫ್ರಿಕದ ಮನುಷ್ಯನನ್ನು ಕೆತ್ತಿದ. ಅಗಲ ಮೂಗು, ತುಂಬಿದ ತುಟಿ, ಗಂಭೀರ ಕಣ್ಣು. ಸೇವಕನ ಮುಖವಲ್ಲ ಅದು, ಹೊಡೆಯುವವನ ಮುಖವೂ ಅಲ್ಲ. ಪೀಠದ ಬಳಿ ನಿಂತು ಜನರಿಗಾಗಿ ಬಿನ್ನಹ ಮಾಡುವ ಸಂತರ ಮುಖ. ಸುತ್ತಮುತ್ತಲ ಜರ್ಮನ್ ಊರುಗಳಲ್ಲಿ ಅವರನ್ನು ಹೀಗೆಯೇ ಕೆತ್ತುವ, ಬಿಡಿಸುವ ರೂಢಿ ಮುಂದೆ ಬೆಳೆಯಿತು. ಸುಮಾರು 1520ರಲ್ಲಿ ಗ್ರೂನೆವಾಲ್ಡ್ ಎಂಬ ಮಹಾ ಚಿತ್ರಕಾರ ಬಿಡಿಸಿದ, ಈಗ ಮ್ಯೂನಿಕ್ ನಗರದಲ್ಲಿರುವ ಚಿತ್ರದಲ್ಲಿ ಕಪ್ಪು ಮೌರಿಸರು ಧರ್ಮಾಧ್ಯಕ್ಷ ಸಂತ ಎರಾಸ್ಮಸರ ಎದುರು ಸರಿಸಮನಾಗಿ ನಿಂತು ಮಾತನಾಡುತ್ತಿದ್ದಾರೆ.

ಮೌರಿಸರು ತೆರೆದ ಬಾಗಿಲಿನಿಂದಲೇ ಕಪ್ಪು ರಾಯನೂ ಬಂದ ಎನ್ನಬಹುದು. ಫ್ಲೊರೆನ್ಸಿನಲ್ಲಿ 1423ರಲ್ಲಿ ಜೆಂಟೀಲೆ ದ ಫಾಬ್ರಿಯಾನೊ ಚಿನ್ನದ ಹಾಳೆಗಳನ್ನು ಸುರಿದು ಬಿಡಿಸಿದ ಪ್ರಖ್ಯಾತ ಚಿತ್ರದಲ್ಲಿ ಮೂವರು ರಾಯರೂ ಬಿಳಿಯರೇ. ಜರ್ಮನಿಯಲ್ಲಿ 1437ರ ಹೊತ್ತಿಗೆ ಹಾನ್ಸ್ ಮುಲ್ಟ್‌ಷರ್ ಮಾಡಿದ ಪೀಠದ ಹಲಗೆಯಲ್ಲಿ ಒಬ್ಬ ರಾಯ ಕಪ್ಪಾಗಿದ್ದಾನೆ. ಆಮೇಲೆ ತಡವಾಗಲಿಲ್ಲ. ಬ್ರೂಗ್ಸ್ ನಗರದ ಸಂತ ಜಾನರ ಆಸ್ಪತ್ರೆಗೆ ಮೆಮ್ಲಿಂಗ್ 1479ರಲ್ಲಿ ಬಿಡಿಸಿಕೊಟ್ಟ ಚಿತ್ರದಲ್ಲಿ ಅವನಿದ್ದಾನೆ. ಸುಮಾರು 1494ರ ಬಾಶ್‌ನ ಚಿತ್ರದಲ್ಲಿ ಬೆಳ್ಳನೆಯ ನಿಲುವಂಗಿ ತೊಟ್ಟಿದ್ದಾನೆ. 1504ರಲ್ಲಿ ಡ್ಯೂರರ್ ವಿಟ್ಟೆನ್‌ಬರ್ಗಿನ ದೇವಾಲಯಕ್ಕಾಗಿ ಬಿಡಿಸಿದ್ದರಲ್ಲೂ ಇದ್ದಾನೆ. ಇವರೆಲ್ಲರೂ ಅವನಿಗೆ ತಮ್ಮಲ್ಲಿದ್ದ ಶ್ರೇಷ್ಠ ಬಟ್ಟೆಯನ್ನೇ ಉಡಿಸಿದರು. ಕೈಯಲ್ಲಿ ಕುಶಲ ಕೆಲಸದ ಪಾತ್ರೆ, ತಲೆ ಎತ್ತಿದ ನಿಲುವು. ಅವನು ಅರಸ, ಅವನ ಕಾಣಿಕೆ ಉಳಿದವರ ಕಾಣಿಕೆಗಿಂತ ಕಡಿಮೆಯದಲ್ಲ.

ಆ ಶತಮಾನದಲ್ಲಿಯೇ ಏಕೆ? ಯೂರೋಪ್, ಏಷ್ಯ, ಆಫ್ರಿಕ ಎಂಬ ಮೂರು ಖಂಡಗಳನ್ನಷ್ಟೇ ಅಂದಿನವರು ಅರಿತಿದ್ದರು. ಪ್ರಭು ತಮ್ಮನ್ನು ಎಲ್ಲ ಜನಾಂಗಗಳಿಗೂ ತೋರಿಸಿಕೊಂಡರು ಎಂಬ ಹಬ್ಬದ ಸತ್ಯವನ್ನು ಚಿತ್ರದಲ್ಲಿ ಹೇಳಲು ಖಂಡಕ್ಕೊಬ್ಬ ರಾಯ ಎಂಬುದು ಹೊಂದುವಂತಿತ್ತು. ಜೊತೆಗೆ ಆಫ್ರಿಕದ ಕ್ರೈಸ್ತರನ್ನು ಜನ ಕಣ್ಣಾರೆ ಕಂಡಿದ್ದರು. ಫ್ಲೊರೆನ್ಸಿನ ಮಹಾಸಭೆಗೆ 1441ರಲ್ಲಿ ಇಥಿಯೋಪ್ಯದ ಸನ್ಯಾಸಿಗಳು ಬಂದರು. ಅವರು ಬಂದ ನೋಟವನ್ನು ಫಿಲಾರೇಟೆ ಎಂಬ ಶಿಲ್ಪಿ 1445ರಲ್ಲಿ ಮುಗಿಸಿದ ಕಂಚಿನ ಬಾಗಿಲಿನಲ್ಲಿ ಎರಕ ಹೊಯ್ದ. ಸಂತ ಪೇತ್ರರ ಮಹಾಬಸಿಲಿಕದ ನಡುಬಾಗಿಲು ಇಂದಿಗೂ ಅದೇ. ಇಥಿಯೋಪ್ಯದವರು ನಾಲ್ಕನೆಯ ಶತಮಾನದಿಂದ ಕ್ರೈಸ್ತ ಅರಸರ ಪ್ರಜೆಗಳು, ಅಂದರೆ ಜರ್ಮನಿಯ ಎಷ್ಟೋ ಊರುಗಳಿಗಿಂತ ಬಹಳ ಮೊದಲೇ ಸುವಾರ್ತೆ ಕೇಳಿದವರು. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆದ ರಾಣಿಯ ಅಧಿಕಾರಿ ಇದೇ ಆಫ್ರಿಕದ ಕಡೆಯವನಲ್ಲವೇ?

ಇಷ್ಟಾದರೆ ಇದು ಬರೀ ಸಂತೋಷದ ಕಥೆಯಾಗುತ್ತಿತ್ತು. 1444ರ ಆಗಸ್ಟ್ 8ರಂದು ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ 235 ಮಂದಿ ಆಫ್ರಿಕದವರನ್ನು ಹಡಗುಗಳಿಂದ ಇಳಿಸಿ ಬಯಲಿನಲ್ಲಿ ಗುಂಪು ಗುಂಪಾಗಿ ಹಂಚಿದರು. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕುಳಿತು ನೋಡುತ್ತಿದ್ದ. ಐದರಲ್ಲೊಂದು ಪಾಲು ಅವನದು, ಅಂದರೆ 46 ಜೀವಗಳು. ಆಸ್ಥಾನದ ಚರಿತ್ರಕಾರ ಜುರಾರಾ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಈ ವ್ಯಾಪಾರದ ವಿರೋಧಿಯಲ್ಲ, ಹೊಗಳುಭಟ್ಟ. ಆದರೂ ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಬೇರ್ಪಡಿಸುವಾಗ ಎದ್ದ ಗೋಳಾಟ ಅವನಿಂದಲೂ ತಡೆಯಲಾಗಲಿಲ್ಲ ಎಂಬುದು ಅವನ ಬರಹದಲ್ಲೇ ಕಾಣುತ್ತದೆ. ಮುಲ್ಟ್‌ಷರನ ಹಲಗೆಗೂ ಲಾಗೋಸಿನ ಬಯಲಿಗೂ ನಡುವೆ ಇರುವುದು ಏಳೇ ವರ್ಷ. ಒಂದೇ ಕ್ರೈಸ್ತ ಲೋಕ ಕಪ್ಪು ರಾಯನನ್ನು ಪೀಠದ ಮೇಲೆ ಬಾಲಯೇಸುವಿನ ಬಳಿ ಕರೆದು ನಿಲ್ಲಿಸಿತು, ಅವನ ಅಣ್ಣತಮ್ಮಂದಿರನ್ನು ಸಂತೆಯಲ್ಲಿ ಬೆಲೆ ಕಟ್ಟಿತು. ಭಾನುವಾರ ಆ ಚಿತ್ರದ ಮುಂದೆ ಮಂಡಿಯೂರಿದವರಲ್ಲಿ ಸೋಮವಾರ ಬೆಲೆ ಕೂಗಿದವರೂ ಇದ್ದಿರಲೇಬೇಕು.

ಧರ್ಮಸಭೆ ಆಗ ಏನು ಹೇಳಿತು ಎಂದು ಯುವಜನರು ನಮ್ಮನ್ನು ಕೇಳಿದರೆ ನೇರವಾಗಿ ಉತ್ತರಿಸಬೇಕು. ಜಗದ್ಗುರು ನಾಲ್ಕನೆಯ ಯೂಜೀನಿಯಸರು 1435ರಲ್ಲಿ ಕ್ಯಾನರಿ ದ್ವೀಪಗಳ ಜನರನ್ನು ಗುಲಾಮರನ್ನಾಗಿ ಮಾಡಿದವರಿಗೆ ಬಹಿಷ್ಕಾರದ ಎಚ್ಚರಿಕೆ ಕೊಟ್ಟು ಅವರನ್ನು ಬಿಡಿಸಬೇಕೆಂದು ಅಪ್ಪಣೆ ಮಾಡಿದರು. ಜಗದ್ಗುರು ಐದನೆಯ ನಿಕೋಲಾಸರು 1452ರಲ್ಲಿ ಮತ್ತು 1455ರಲ್ಲಿ ಪೋರ್ಚುಗಲ್ ಅರಸನಿಗೆ ಕೊಟ್ಟ ಶಾಸನಗಳು ಇದಕ್ಕೆ ತಿರುಗುಮುರುಗು. ಅವು ಕ್ರೈಸ್ತರಲ್ಲದವರನ್ನು ನಿತ್ಯ ದಾಸ್ಯಕ್ಕೆ ಒಳಪಡಿಸಲು ಅನುಮತಿ ಕೊಟ್ಟವು. ಮೂರನೆಯ ಪೌಲರು 1537ರಲ್ಲಿ ಅಮೆರಿಕದ ಮೂಲನಿವಾಸಿಗಳ ಸ್ವಾತಂತ್ರ್ಯದ ಪರವಾಗಿ ಬರೆದರು. ಕಪ್ಪು ಜನರ ವ್ಯಾಪಾರವನ್ನು ಹೆಸರಿಟ್ಟು ಸ್ಪಷ್ಟವಾಗಿ ಖಂಡಿಸಿದ ಹದಿನಾರನೆಯ ಗ್ರೆಗೊರಿಯವರ ಪತ್ರ ಬಂದದ್ದು 1839ರಲ್ಲಿ. ತಡವಾಯಿತು, ಬಹಳ ತಡವಾಯಿತು ಎಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಸೆನೆಗಲ್ ದೇಶದ ಗೊರೇ ದ್ವೀಪದಲ್ಲಿ ನಿಂತು 1992ರ ಫೆಬ್ರವರಿ 22ರಂದು ಸಂತ ಎರಡನೆಯ ಜಾನ್ ಪೌಲರು ಈ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದರು. ಆ ಹಳೆಯ ಶಾಸನಗಳ ಆಧಾರದಲ್ಲಿ ಬೆಳೆದು ಬಂದ ಹಕ್ಕಿನ ವಾದವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ಬಹಿರಂಗವಾಗಿ ತಳ್ಳಿಹಾಕಿತು.

ಪೋರ್ಚುಗೀಸರ ಹಡಗುಗಳು ಗೋವೆಗೂ ಬಂದವಲ್ಲವೇ? ಹಾಗೆ ತರಲ್ಪಟ್ಟ ಆಫ್ರಿಕದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮ ಉತ್ತರ ಕನ್ನಡದ ಸಿದ್ದಿಗಳಲ್ಲಿ ಇದ್ದಾರೆ. ಹಳಿಯಾಳದ ಕಡೆ ಅವರಲ್ಲಿ ಬಹಳ ಕುಟುಂಬಗಳು ಕಥೋಲಿಕರು. ಪರಿಶಿಷ್ಟ ಪಂಗಡ ಎಂಬ ಮಾನ್ಯತೆ ಅವರಿಗೆ ಸಿಕ್ಕಿದ್ದು 2003ರಲ್ಲಿ. ಮಕ್ಕಳು ಕಪ್ಪು ರಾಯನ ಬಗ್ಗೆ ಕೇಳಿದಾಗ ಅವನ ಬಳಗದವರು ನಮ್ಮ ರಾಜ್ಯದಲ್ಲೇ ಅದೇ ಬಲಿಪೂಜೆಗೆ ಬರುತ್ತಾರೆ ಎಂದು ಹೇಳಿಕೊಡಬಹುದು.

ಇನ್ನು ಚಿತ್ರಕಾರರ ಮಾತಿಗೆ ಮರಳೋಣ. ಅವರು ಕಪ್ಪು ರಾಯನ ಮುಖಕ್ಕೆ ಮಾದರಿ ಹುಡುಕಿದ್ದೆಲ್ಲಿ? ಡ್ಯೂರರ್ 1521ರಲ್ಲಿ ಆಂಟ್ವರ್ಪ್ ನಗರದಲ್ಲಿ ಪೋರ್ಚುಗೀಸ್ ವ್ಯಾಪಾರ ಪ್ರತಿನಿಧಿಯೊಬ್ಬನ ಮನೆಯಲ್ಲಿದ್ದ ಆಫ್ರಿಕದ ಹೆಣ್ಣುಮಗಳನ್ನು ಬೆಳ್ಳಿಯ ಮೊನೆಯಲ್ಲಿ ಬಿಡಿಸಿದ. ಪಕ್ಕದಲ್ಲಿ ಕತರೀನ, ವಯಸ್ಸು 20 ಎಂದು ಬರೆದ. ಆಕೆ ತಲೆಗೆ ಬಟ್ಟೆ ಕಟ್ಟಿ, ಕಣ್ಣು ಕೆಳಗೆ ಮಾಡಿದ್ದಾಳೆ. ಆ ಹೆಸರು ದೀಕ್ಷಾಸ್ನಾನದ ಹೆಸರೇ ಇರಬೇಕು. ರಾಯರ ಚಿತ್ರಗಳಲ್ಲಿ ಕಪ್ಪು ಮುಖಗಳು ನೂರಾರು. ಮುಖ ಕೊಟ್ಟವರ ಹೆಸರು ಉಳಿದದ್ದು ತೀರಾ ಅಪರೂಪ. ಕತರೀನಳ ಹೆಸರು ಉಳಿಯಿತು ಎಂಬುದಕ್ಕೇ ಆ ಸಣ್ಣ ಚಿತ್ರ ನಮಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೂ ಒಬ್ಬನ ಹೆಸರು ಉಳಿದಿದೆ. ಸ್ಪೇನಿನ ವೆಲಾಸ್ಕೆಸ್ ತಾರುಣ್ಯದಲ್ಲಿ, 1619ರಲ್ಲಿ, ಸೆವಿಲ್ಲೆಯಲ್ಲಿದ್ದಾಗ ರಾಯರ ಚಿತ್ರ ಬಿಡಿಸಿದ. ಅಲ್ಲಿ ಕಪ್ಪು ರಾಯ ಕೆಂಪು ಮೇಲುವಸ್ತ್ರದಲ್ಲಿ ಬಹಳ ಗೌರವದಿಂದ ನಿಂತಿದ್ದಾನೆ. ಸೆವಿಲ್ಲೆ ಗುಲಾಮರು ತುಂಬಿದ್ದ ಊರು. ಕಪ್ಪು ಕಥೋಲಿಕರದೇ ಒಂದು ಭ್ರಾತೃಸಂಘ ಅಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯಿಂದ ಇದೆ, ಈಗಲೂ ಪವಿತ್ರ ವಾರದಲ್ಲಿ ಮೆರವಣಿಗೆ ಹೊರಡಿಸುತ್ತದೆ. ಇದೇ ವೆಲಾಸ್ಕೆಸನಿಗೆ ಮುಂದೆ ಹ್ವಾನ್ ದೆ ಪಾರೇಹ ಎಂಬ ಆಫ್ರಿಕ ಮೂಲದ ಗುಲಾಮನಿದ್ದ. ಬಣ್ಣ ಅರೆಯುವುದು, ಕ್ಯಾನ್ವಾಸ್ ಬಿಗಿಯುವುದು ಇಂತಹ ಚಿತ್ರಶಾಲೆಯ ಕೆಲಸ ಅವನದು. ರೋಮಿಗೆ ಹೋಗಿದ್ದ ವೆಲಾಸ್ಕೆಸ್ ಪೋಪ್ ಹತ್ತನೆಯ ಇನ್ನೋಸೆಂಟರ ಚಿತ್ರ ಬಿಡಿಸುವ ಮೊದಲು ಪಾರೇಹನ ಚಿತ್ರ ಬಿಡಿಸಿ 1650ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಪ್ಯಾಂಥಿಯನ್ ದೇವಾಲಯದಲ್ಲಿ ಪ್ರದರ್ಶನಕ್ಕಿಟ್ಟ. ಭುಜದ ಮೇಲೆ ಮೇಲುವಸ್ತ್ರ, ನೇರ ನೋಟ, ಯಾರ ಸೊತ್ತೂ ಅಲ್ಲ ಎನ್ನುವಂತಹ ಮುಖ. ನೋಡಿದವರೆಲ್ಲ ಬೆರಗಾದರಂತೆ. ಅದನ್ನು ಬಿಡಿಸುವಾಗ ಅವನು ಕಾನೂನಿನ ಪ್ರಕಾರ ಸೊತ್ತೇ ಆಗಿದ್ದ! ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಸ್ ರೋಮಿನ ನೋಟರಿಯ ಮುಂದೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕೆಂಬ ಷರತ್ತೂ ಅದರಲ್ಲಿತ್ತು. ಬಿಡುಗಡೆಯಾದ ಪಾರೇಹ ತಾನೇ ಚಿತ್ರಕಾರನಾದ. ಸಂತ ಮತ್ತಾಯರ ಕರೆಯನ್ನು ಕುರಿತು 1661ರಲ್ಲಿ ಅವನು ಬಿಡಿಸಿದ ದೊಡ್ಡ ಚಿತ್ರ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಎಡತುದಿಯಲ್ಲಿ ಕೈಯಲ್ಲಿ ಚೀಟಿ ಹಿಡಿದು ನಿಂತವನು ಅವನೇ. ಆದರೆ ತನ್ನ ಮುಖವನ್ನು ವೆಲಾಸ್ಕೆಸ್ ಬಿಡಿಸಿದ್ದಕ್ಕಿಂತ ತಿಳಿಯಾದ ಬಣ್ಣದಲ್ಲಿ ಬಿಡಿಸಿಕೊಂಡಿದ್ದಾನೆ. ಸ್ವತಂತ್ರನಾದ ಮೇಲೂ ಬಣ್ಣದ ಭಾರ ಇಳಿದಿರಲಿಲ್ಲವೇನೋ.

ಆಮೇಲಿನ ಚಿತ್ರಗಳ ಮಾತು ಬೇಗ ಮುಗಿಸಬಹುದು, ಅಲ್ಲಿ ಹೆಮ್ಮೆಪಡುವಂಥದು ಕಡಿಮೆ. ಶ್ರೀಮಂತ ಹೆಂಗಸರ ಭಾವಚಿತ್ರಗಳಲ್ಲಿ ಪಕ್ಕಕ್ಕೆ ಒಂದು ಕಪ್ಪು ಮಗುವನ್ನು ನಿಲ್ಲಿಸುವುದು ಷೋಕಿಯಾಯಿತು. ಮಿನ್ಯಾರ್ 1682ರಲ್ಲಿ ಬಿಡಿಸಿದ ಪೋರ್ಟ್ಸ್‌ಮತ್ತಿನ ಡಚೆಸ್ ಚಿತ್ರದಲ್ಲಿ ಅಂತಹ ಮಗು ಚಿಪ್ಪಿನ ತುಂಬ ಮುತ್ತು, ಹವಳ ಹಿಡಿದು ಒಡತಿಗೆ ಕೊಡುತ್ತಿದೆ. ಕಾಣಿಕೆ ಕೊಡುವ ಕಪ್ಪು ಕೈ ಇದೆ, ಆದರೆ ಅದು ಅರಸನ ಕೈಯಲ್ಲ, ಕೊಡುತ್ತಿರುವುದು ದೇವರಿಗೂ ಅಲ್ಲ. ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದವರಿಗಾಗಿ ವೆಡ್ಜ್‌ವುಡ್ 1787ರಲ್ಲಿ ಮಾಡಿದ ಪದಕದಲ್ಲಿ ಕಪ್ಪು ಮನುಷ್ಯ ಮತ್ತೆ ಮಂಡಿಯೂರಿದ್ದಾನೆ, ಕೈಗೆ ಸಂಕೋಲೆ. ಉದ್ದೇಶ ಒಳ್ಳೆಯದೇ. ಆದರೂ ಮನುಷ್ಯರ ಮುಂದೆ ಮಂಡಿಯೂರಿ ಬೇಡುವ ಆ ಆಳಿಗೂ ದೇವರ ಮುಂದೆ ಮಂಡಿಯೂರುವ ರಾಯನಿಗೂ ಎಷ್ಟು ಅಂತರ! ಗುಲಾಮರನ್ನು ಇಟ್ಟುಕೊಂಡವರು ಬೈಬಲನ್ನೂ ಎಳೆದು ತಂದರು. ನೋಹನು ಹಾಮನನ್ನು ಶಪಿಸಿದ, ಕಪ್ಪು ಜನ ಹಾಮನ ಮಕ್ಕಳು ಎಂದರು. ಆದಿಕಾಂಡದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿ: ಅಲ್ಲಿ ಶಾಪ ಬಿದ್ದದ್ದು ಕಾನಾನನ ಮೇಲೆ. ಚರ್ಮದ ಬಣ್ಣದ ಮಾತು ಅಲ್ಲಿ ಒಂದೂ ಇಲ್ಲ. ಸುಳ್ಳು ವ್ಯಾಖ್ಯಾನದಿಂದ ಎಷ್ಟು ರಕ್ತ ಹರಿಯಬಹುದು ಎಂಬುದಕ್ಕೆ ಗುರುಮಠದಲ್ಲಿ ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ನಮ್ಮ ಗೋದಲಿಗಳ ಬಗ್ಗೆಯೂ ಒಂದು ಮಾತು. ಜರ್ಮನಿಯ ಉಲ್ಮ್ ನಗರದ ಪ್ರೊಟೆಸ್ಟೆಂಟ್ ಮಹಾದೇವಾಲಯವು 2020ರಲ್ಲಿ ತನ್ನ ಗೋದಲಿಯ ರಾಯರನ್ನು ಆ ವರ್ಷ ಇಡುವುದಿಲ್ಲ ಎಂದು ತೀರ್ಮಾನಿಸಿತು. 1920ರ ದಶಕದ ಆ ಕೆತ್ತನೆಯಲ್ಲಿ ಕಪ್ಪು ರಾಯನ ತುಟಿ, ಹೊಟ್ಟೆಗಳನ್ನು ನಗೆಪಾಟಲಾಗುವಂತೆ ಮಾಡಲಾಗಿತ್ತು. ಅದನ್ನು ಓದಿದ ಕೆಲವರು ಹಾಗಾದರೆ ಎಲ್ಲ ಕಡೆ ಕಪ್ಪು ರಾಯನನ್ನೇ ತೆಗೆದುಬಿಡಬೇಕೇ ಎಂದು ಕೇಳಿದರು. ನಮ್ಮ ಅಭಿಪ್ರಾಯ ಹಾಗಲ್ಲ. ತೆಗೆಯಬೇಕಾದದ್ದು ಅಪಹಾಸ್ಯವನ್ನು. ಅಂಗಡಿಯಲ್ಲಿ ಗೋದಲಿಯ ಗೊಂಬೆಗಳನ್ನು ಕೊಳ್ಳುವಾಗ ಮೂರೂ ಮುಖಗಳನ್ನು ನೋಡಿ ಕೊಳ್ಳಿರಿ. ಮುದುಕ ರಾಯನಿಗೆ ಕಣ್ಣು, ಹುಬ್ಬು ಎಲ್ಲ ನಯವಾಗಿ ಬಿಡಿಸಿ, ಕಪ್ಪು ರಾಯನಿಗೆ ಟಾರಿನಂತಹ ಬಣ್ಣ ಬಳಿದು ಎರಡು ಬಿಳಿ ಚುಕ್ಕೆ ಇಟ್ಟಿದ್ದರೆ ಅದು ರಾಯನಲ್ಲ. ಸಂತ ಮಾರ್ಟಿನ್ ದೆ ಪೋರೆಸರ ಸ್ವರೂಪ ಎಷ್ಟೋ ದೇವಾಲಯಗಳಲ್ಲಿದೆ, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ; 1962ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಆ ಮುಖದ ಮೇಲಿನ ಶಾಂತಿಯಂತಹುದು ನಮ್ಮ ರಾಯನ ಮೇಲೂ ಇರಲಿ.

ಕೊನೆಗೆ, ಚಿತ್ರದಲ್ಲಿ ಅಲ್ಲದೆ ನಿಜವಾಗಿಯೇ ಈ ಹಬ್ಬಕ್ಕೆ ಬಂದ ಒಬ್ಬ ಆಫ್ರಿಕದವರ ಕಥೆ. ಆಫ್ರಿಕದ ಪಶ್ಚಿಮ ಕರಾವಳಿಯ ಕಾಂಗೊ ರಾಜ್ಯದ ಅರಸ 1491ರಲ್ಲಿ ದೀಕ್ಷಾಸ್ನಾನ ಪಡೆದ. ಅವನ ಮಗ ಅಫೊನ್ಸೊ ಭಕ್ತಿವಂತ ಅರಸ. ಅಫೊನ್ಸೊನ ಮಗ ಹೆನ್ರಿಕೆಯನ್ನು ಜಗದ್ಗುರು ಹತ್ತನೆಯ ಲಿಯೋರವರು 1518ರಲ್ಲಿ ಧರ್ಮಾಧ್ಯಕ್ಷನಾಗಿ ನೇಮಿಸಿದರು. ಇದೇ ಅಫೊನ್ಸೊ 1526ರಲ್ಲಿ ಪೋರ್ಚುಗಲ್ಲಿನ ಅರಸನಿಗೆ ಪತ್ರ ಬರೆದು, ನಿಮ್ಮ ವ್ಯಾಪಾರಿಗಳು ನಮ್ಮ ಜನರನ್ನು, ನಮ್ಮ ನೆಂಟರನ್ನೂ ಬಿಡದೆ ಹಿಡಿದು ಮಾರುತ್ತಿದ್ದಾರೆ, ಇದನ್ನು ನಿಲ್ಲಿಸಿ ಎಂದು ಬೇಡಿಕೊಂಡ. ಅದು ನಿಲ್ಲಲಿಲ್ಲ. 1604ರಲ್ಲಿ ಕಾಂಗೊದ ಅರಸ ಎರಡನೆಯ ಆಲ್ವಾರೊ, ಪೋರ್ಚುಗೀಸರ ಹಂಗಿಲ್ಲದೆ ನೇರವಾಗಿ ಜಗದ್ಗುರುಗಳ ಸಂಬಂಧ ಬೆಳೆಸಲು ಆಂಟೋನಿಯೊ ಮಾನುಯೆಲ್ ನ್ಸಾಕು ನೆ ವುಂಡ ಎಂಬ ತನ್ನ ಬಂಧುವನ್ನು ರಾಯಭಾರಿಯಾಗಿ ಕಳುಹಿಸಿದ. ಹಡಗು ಮೊದಲು ಬ್ರೆಜಿಲ್ ಮುಟ್ಟಿತು. ಸಮುದ್ರದಲ್ಲಿ ಕಡಲ್ಗಳ್ಳರು ದೋಚಿದರು. ಲಿಸ್ಬನ್ನಿನಲ್ಲಿ, ಮ್ಯಾಡ್ರಿಡ್ಡಿನಲ್ಲಿ ತಿಂಗಳುಗಟ್ಟಲೆ ಕಾಯಿಸಿದರು. ಜೊತೆಗೆ ಹೊರಟವರಲ್ಲಿ ರೋಮ್ ತಲುಪಿದವರು ಬೆರಳೆಣಿಕೆಯಷ್ಟು ಮಂದಿ.

1608ರ ಜನವರಿಯ ಮೊದಲ ದಿನಗಳಲ್ಲಿ ಅವರು ರೋಮ್ ಸೇರಿದಾಗ ಕಾಯಿಲೆ ಉಲ್ಬಣಿಸಿತ್ತು. ಮೂರು ರಾಯರ ಹಬ್ಬದಂದು ಅವರನ್ನು ವೈಭವದಿಂದ ಬರಮಾಡಿಕೊಳ್ಳಬೇಕೆಂದು ಏರ್ಪಾಡಾಗಿತ್ತು. ಅದು ಆಗದೆಂದು ತಿಳಿದ ಜಗದ್ಗುರು ಐದನೆಯ ಪೌಲರು ತಾವೇ ಅವರ ಹಾಸಿಗೆಯ ಬಳಿಗೆ ಬಂದು ಆಶೀರ್ವದಿಸಿದರು. ವ್ಯಾಟಿಕನ್ ಗ್ರಂಥಾಲಯದ ಗೋಡೆಯ ಮೇಲೆ ಆ ಭೇಟಿಯ ಚಿತ್ರ ಇದೆ. ಹಬ್ಬದ ಹಿಂದಿನ ರಾತ್ರಿ ರಾಯಭಾರಿ ಪ್ರಭುವಿನಲ್ಲಿ ನಿದ್ರೆ ಹೋದರು. ಸ್ವಾಗತಕ್ಕೆ ಸಿದ್ಧವಾಗಿದ್ದ ನಗರ ಅವರನ್ನು ಶವಯಾತ್ರೆಯಲ್ಲಿ ಮಹಾ ಮರಿಯಮ್ಮನವರ ಬಸಿಲಿಕಕ್ಕೆ ಕರೆದೊಯ್ದಿತು. ಬೆತ್ಲೆಹೇಮಿನ ಗೋದಲಿಯದೆಂದು ಗೌರವಿಸುವ ಮರದ ತುಂಡುಗಳನ್ನು ಮುಖ್ಯ ಬಲಿಪೀಠದ ಕೆಳಗೆ ಇಟ್ಟಿರುವುದು ಅದೇ ಬಸಿಲಿಕದಲ್ಲಿ. ಪೋಪ್ ಫ್ರಾನ್ಸಿಸರನ್ನು 2025ರ ಏಪ್ರಿಲ್ 26ರಂದು ಸಮಾಧಿ ಮಾಡಿದ್ದೂ ಅಲ್ಲಿಯೇ. ಟಿವಿಯಲ್ಲಿ ನಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿದ್ದೇವೆ.

ಫ್ರಾನ್ಸೆಸ್ಕೊ ಕಾಪೊರಾಲೆ ಎಂಬ ಶಿಲ್ಪಿ ಆ ರಾಯಭಾರಿಯ ಎದೆಮಟ್ಟದ ಪ್ರತಿಮೆಯನ್ನು ಬಣ್ಣದ ಕಲ್ಲುಗಳಲ್ಲಿ ಕಡೆದ. ಮುಖಕ್ಕೆ ಕರಿಯ ಅಮೃತಶಿಲೆ, ಮೈಮೇಲೆ ಕಾಂಗೊದ ಬಲೆಯಂತಹ ಮೇಲುಡುಗೆ, ಬೆನ್ನಿಗೆ ಬಾಣಗಳ ಬತ್ತಳಿಕೆ. ಊರಿನ ಹೆಸರು, ಮನೆತನದ ಹೆಸರು, ದೀಕ್ಷಾಸ್ನಾನದ ಹೆಸರು ಮೂರೂ ತಿಳಿದಿರುವ ಕಪ್ಪು ಮುಖ ಅದು. ನಮ್ಮ ಕಡೆಯಿಂದ ರೋಮ್ ಯಾತ್ರೆಗೆ ಹೋಗುವವರು ಬಸಿಲಿಕದ ದೀಕ್ಷಾಸ್ನಾನ ಮಂಟಪದ ಕಡೆ ಹೋಗಿ ಅದನ್ನು ನೋಡಬಹುದು. ಮಾರ್ಗದರ್ಶಿಗಳು ಸಾಮಾನ್ಯವಾಗಿ ಆ ಕಡೆ ಕರೆದೊಯ್ಯುವುದಿಲ್ಲ, ಕೇಳಬೇಕು.